ಸೋಲಾರ್‌ಗಿಂತ ಮೊದಲು ಹಂಚಿನ ಮನೆಯ ವೈರಿಂಗ್: ಇಂಧನ ಸಚಿವರಿಗೂ ಜಿಲ್ಲಾಧಿಕಾರಿಗಳಿಗೂ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಇಂಧನ ಸಚಿವರು, ಕರ್ನಾಟಕ ಸರ್ಕಾರ, ಬೆಂಗಳೂರು
ಮಾನ್ಯ ಜಿಲ್ಲಾಧಿಕಾರಿಗಳು, ಉತ್ತರ ಕನ್ನಡ ಜಿಲ್ಲೆ, ಕಾರವಾರ

ವಿಷಯ: ಕರಾವಳಿಯ ಬಡವರ ಮನೆಗಳ ವೈರಿಂಗ್, ಫ್ಯಾನ್, ಮಾಡು (ಛಾವಣಿ), ಒಲೆ ಸುಧಾರಣೆಗೆ ನೇರ ನೆರವು ಕೋರಿ.

ಮಾನ್ಯರೇ,

ಕಾರವಾರದಿಂದ ಭಟ್ಕಳದವರೆಗೆ ಹಂಚಿನ ಮನೆಗಳಲ್ಲಿ ವೈರಿಂಗ್, ಮಾಡು ರಿಪೇರಿ ಮಾಡಿಕೊಂಡಿರುವ ಕೆಲವರು ಕೂಡಿ ಬರೆಯುತ್ತಿರುವ ಪತ್ರ ಇದು. ಮನೆಯ ಕರೆಂಟ್ ಖರ್ಚು ತಗ್ಗಿಸಲು ಸರ್ಕಾರ ಕೊಡುತ್ತಿರುವ ನೆರವು ತಾರಸಿ ಮನೆಯ ಅಳತೆಗೆ ಹೊಲಿದದ್ದು. ಕರಾವಳಿಯ ಕೂಲಿ ಕುಟುಂಬದ, ಮೀನುಗಾರರ, ಹಾಲಕ್ಕಿ ಒಕ್ಕಲಿಗರ ಕೇರಿಗಳ ಮನೆಗೆ ಅದು ಹೊಂದುತ್ತಿಲ್ಲ. ಯಾಕೆ ಹೊಂದುತ್ತಿಲ್ಲ, ಏನು ಮಾಡಿದರೆ ಹೊಂದುತ್ತದೆ ಎಂಬುದನ್ನು ತಮ್ಮ ಮುಂದೆ ಇಡುತ್ತಿದ್ದೇವೆ.

ಮನೆಯ ಮಾಡಿನ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಲು ನೆರವು ಕೊಡುವ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಬಂತು. ಒಂದು ಕಿಲೋವಾಟ್‌ಗೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರು ಮತ್ತು ಅದಕ್ಕಿಂತ ಹೆಚ್ಚಿಗೆ 78 ಸಾವಿರ ರೂಪಾಯಿ ಸಹಾಯಧನ. ಯೋಜನೆಯ ಉದ್ದೇಶ ಒಳ್ಳೆಯದು, ಅದನ್ನು ನಾವು ಹಳಿಯುತ್ತಿಲ್ಲ. ಆದರೆ ಷರತ್ತುಗಳನ್ನು ನೋಡಿ. ಮನೆ ಸ್ವಂತದ್ದಾಗಿರಬೇಕು. ಪ್ಯಾನೆಲ್ ಕೂರಿಸಲು ತಕ್ಕ ಮಾಡು ಇರಬೇಕು. ವಿದ್ಯುತ್ ಸಂಪರ್ಕದ ದಾಖಲೆ ಸರಿಯಿರಬೇಕು. ಕೆಲಸ ಮುಗಿದು, ಕೊಟ್ಟ ಕರೆಂಟು, ಪಡೆದ ಕರೆಂಟು ಎರಡನ್ನೂ ಅಳೆಯುವ ನೆಟ್ ಮೀಟರ್ ಕೂತು, ತಪಾಸಣೆ ಆದ ಮೇಲೆಯೇ ಹಣ ಖಾತೆಗೆ ಬೀಳುತ್ತದೆ. ಎರಡು ಕಿಲೋವಾಟ್ ಹಾಕಿಸಲು ಒಂದೂಕಾಲು ಲಕ್ಷದ ಆಸುಪಾಸು ಬೇಕು. ಅಷ್ಟನ್ನು ಮೊದಲು ಕೈಯಿಂದ ಹಾಕಬೇಕು, ಇಲ್ಲವೇ ಸಾಲ ಮಾಡಬೇಕು. ಸಹಾಯಧನ ಬಂದ ಮೇಲೂ 60-70 ಸಾವಿರ ಮನೆಯವರ ತಲೆಯ ಮೇಲೇ ಉಳಿಯುತ್ತದೆ. ದಿನಗೂಲಿಯ ಮೇಲೆ ನಡೆಯುವ ಮನೆಯವರು ಈ ಲೆಕ್ಕ ಕೇಳಿದ ಮೇಲೆ ಎರಡನೇ ಪ್ರಶ್ನೆ ಕೇಳುವುದಿಲ್ಲ.

ಹಣ ಹೇಗೋ ಹೊಂದಿತು ಎಂದಿಟ್ಟುಕೊಂಡರೂ ಕಾಗದ ಹೊಂದುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಮೀಟರ್ ತೀರಿಹೋದ ಅಜ್ಜನ ಹೆಸರಿನಲ್ಲಿರುತ್ತದೆ, ಜಾಗ ಅವಿಭಕ್ತ ಹಿಸ್ಸೆಯಲ್ಲಿರುತ್ತದೆ. ಅರಣ್ಯ ಅತಿಕ್ರಮಣ ಜಾಗದಲ್ಲಿ ತಲೆಮಾರಿನಿಂದ ವಾಸವಾಗಿದ್ದು, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ಕಾಯುತ್ತಿರುವವರ ಸಂಗತಿ ತಮಗೆ ತಿಳಿಯದ್ದೇನಲ್ಲ. ಬಾಡಿಗೆ ಮನೆಯವರಿಗಂತೂ ದಾರಿಯೇ ಇಲ್ಲ. ಗೃಹಜ್ಯೋತಿ ಯೋಜನೆ ಬಾಡಿಗೆದಾರರನ್ನೂ ಸೇರಿಸಿಕೊಂಡಿತ್ತು. ಆ ದೊಡ್ಡ ಮನಸ್ಸು ಮನೆ ಸುಧಾರಣೆಯ ನೆರವಿನಲ್ಲಿಯೂ ಇರಬೇಕಾಗಿತ್ತು.

ಇನ್ನು ಹಂಚಿನ ಮಾಡಿನ ಮಾತು. ಹಂಚಿನ ಮಾಡು ಪ್ಯಾನೆಲ್‌ನ ಭಾರ ತಾಳುವುದಿಲ್ಲ ಎಂದು ಹೇಳಿ ಕಳಿಸುವುದು ರೂಢಿ. ಭಾರದ ಪ್ರಶ್ನೆ ಅಷ್ಟು ದೊಡ್ಡದಲ್ಲ. ಒಂದು ಚದರ ಮೀಟರ್ ಮಾಡಿನ ಮೇಲೆ ಹಂಚುಗಳೇ ಸುಮಾರು 40 ಕಿಲೋ ತೂಗುತ್ತವೆ. ಪ್ಯಾನೆಲ್ ಅದೇ ಜಾಗಕ್ಕೆ 11-12 ಕಿಲೋ. ನಿಜವಾದ ತೊಡಕು ಗಾಳಿ. ಹಂಚು ರೀಪಿನ (ತೆಳು ಮರದ ಪಟ್ಟಿಯ) ಮೇಲೆ ಸುಮ್ಮನೆ ಕೂತಿರುತ್ತದೆ, ಮೊಳೆ ಬೋಲ್ಟು ಏನೂ ಇರುವುದಿಲ್ಲ. ಆಷಾಢದ ಗಾಳಿ ಪ್ಯಾನೆಲ್‌ನ ಅಡಿಗೆ ನುಗ್ಗಿ ಮೇಲಕ್ಕೆ ಎತ್ತಿದರೆ ಅದನ್ನು ಹಿಡಿದಿಡಬೇಕಾದದ್ದು ಪಕಾಸು (ಮಾಡಿನ ಓರೆ ಮರ), ಪಕಾಸನ್ನು ಹಿಡಿದಿಡಬೇಕಾದದ್ದು ಚಿರೆಕಲ್ಲಿನ (ಜಂಬಿಟ್ಟಿಗೆಯ) ಗೋಡೆ. ಮೂವತ್ತು ನಲವತ್ತು ವರ್ಷದ ಪಕಾಸಿನ ತುದಿ ಗೋಡೆಯ ಮೇಲೆ ಕೂರುವ ಜಾಗದಲ್ಲಿಯೇ ಗೆದ್ದಲು ಹಿಡಿದಿರುತ್ತದೆ. ಹಂಚು ಕೊರೆದು ಕೊಕ್ಕೆ ಹಾಕಿದರೆ ಮೊದಲ ಮಳೆಗೇ ಸೋರುತ್ತದೆ. ಮಂಗ ಹಾರಿ ಒಡೆದ ಹಂಚನ್ನು ಪ್ರತಿ ಮೇ ತಿಂಗಳಲ್ಲಿ ಬದಲಿಸಲೇಬೇಕು, ಪ್ಯಾನೆಲ್ ಕೂತ ಮೇಲೆ ಅದರ ಅಡಿಗೆ ಕೈ ಹೋಗುವುದಿಲ್ಲ. ಸಮುದ್ರದ ಉಪ್ಪುಗಾಳಿಗೆ ಸಾಧಾರಣ ಜಿಐ (ತೆಳು ಸತು ಲೇಪದ) ಬೋಲ್ಟು ಎರಡು ಮಳೆಗಾಲದಲ್ಲಿ ತುಕ್ಕು ಹಿಡಿದು ತಿರುಗದಂತಾಗುತ್ತದೆ. 316 ದರ್ಜೆಯ ಸ್ಟೀಲ್ ಬೋಲ್ಟು, ದಪ್ಪ ಸತುವಿನ ಲೇಪವಿರುವ ಚೌಕಟ್ಟು ಬೇಕು. ಇದಕ್ಕೆಲ್ಲ ಬೇರೆ ದರ ಯಾವ ಸಹಾಯಧನದಲ್ಲಿಯೂ ಇಲ್ಲ, ಬಯಲುಸೀಮೆಗೂ ಕರಾವಳಿಗೂ ಒಂದೇ ಲೆಕ್ಕ.

ಇನ್ನೊಂದು ವಿಷಯವನ್ನು ಜನರಿಗೆ ಬಿಡಿಸಿ ಹೇಳುವವರು ಕಡಿಮೆ. ಬ್ಯಾಟರಿ ಇಲ್ಲದೆ ಲೈನ್‌ಗೆ ಜೋಡಿಸಿದ ಸೋಲಾರ್, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವ ಉಳಿಸಲು ಹಾಗೆಯೇ ಇರಬೇಕು. ಹಾಗಾಗಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿದ್ದರೆ ಮಾಡಿನ ಮೇಲೆ ಪ್ಯಾನೆಲ್ ಇದ್ದವರ ಮನೆಯಲ್ಲಿಯೂ ಕತ್ತಲೆಯೇ.

ಆದ್ದರಿಂದ ನಮ್ಮ ಅರಿಕೆ ಇಷ್ಟು. ಇಂಥ ಮನೆಗಳಿಗೆ ಸೋಲಾರ್ ಮೊದಲ ಕೆಲಸ ಅಲ್ಲ. ಮೊದಲ ಕೆಲಸ ಮಾಡಿನ ಕೆಳಗಿದೆ.

ಬಡವರಿಗೆ ಸರ್ಕಾರ ಕೊಟ್ಟ ಭಾಗ್ಯಜ್ಯೋತಿ ಸಂಪರ್ಕವಿರುವ ಹಳೆಯ ಮನೆಯೊಂದರ ಮೀಟರ್ ಬೋರ್ಡ್ ಎದುರು ನಿಂತು ನೋಡಿ. ಜಗಲಿಯ ಗೋಡೆಗೆ ಹೊಡೆದ ಮರದ ಹಲಗೆ, ಅದರ ಮೇಲೆ ಮೀಟರ್, ಪಕ್ಕದಲ್ಲಿ ಪಿಂಗಾಣಿಯ ಫ್ಯೂಸ್ ಕಟೌಟ್. ಕಟೌಟ್ ಎಳೆದು ನೋಡಿದರೆ ಫ್ಯೂಸ್ ತಂತಿಯ ಜಾಗದಲ್ಲಿ ನಾಲ್ಕೈದು ಎಳೆ ತಾಮ್ರ ಸುತ್ತಿರುತ್ತದೆ. ಸಂಪರ್ಕ ಕೊಟ್ಟಾಗ ಮನೆಗೆ ಒಂದೇ ಬಲ್ಬು. ಆಮೇಲೆ ಒಂದೊಂದಾಗಿ ಬಂದ ಟಿವಿ, ಫ್ಯಾನು, ಮಿಕ್ಸಿ, ಮೊಬೈಲ್ ಚಾರ್ಜರ್, ಫ್ರಿಜ್ ಎಲ್ಲವೂ ಆ ಒಂದು ಬಲ್ಬಿನ ವೈರಿನಿಂದಲೇ ಕವಲೊಡೆದಿವೆ. ಅಡುಗೆಮನೆಗೆ ಹೋದದ್ದು ಹೊಸೆದ ಫ್ಲೆಕ್ಸಿಬಲ್ ವೈರು, ಜೋಡಣೆಗೆ ಸುತ್ತಿದ ಟೇಪು ಒಲೆಯ ಹೊಗೆಗೆ ಗಟ್ಟಿಯಾಗಿ ಬಿರಿದಿದೆ. ಮೂರು ತೂತಿನ ಸಾಕೆಟ್ ಇದೆ, ಆದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸಬೇಕಾದ ಅರ್ಥಿಂಗ್ ವೈರು ಬೋರ್ಡಿನ ಹಿಂದೆ ಒಂದು ಮೊಳೆಗೆ ಸುತ್ತಿಕೊಂಡು ಅಲ್ಲಿಗೇ ಮುಗಿದಿದೆ. ಇಂಥ ಮನೆಯಲ್ಲಿ ಜುಲೈ ತಿಂಗಳಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಫ್ರಿಜ್ ಬಾಗಿಲು ತೆಗೆಯುವವರು ಮಕ್ಕಳು, ಹೆಂಗಸರು.

ಫ್ಯೂಸ್ ಸರಿಯಿದ್ದರೂ ಇಲ್ಲಿ ಜೀವ ಉಳಿಸುವುದಿಲ್ಲ. ಬೇಸಿಗೆಯಲ್ಲಿ ಚಿರೆಕಲ್ಲು ನೆಲ ಒಣಗಿದಾಗ ಅರ್ಥಿಂಗ್‌ನ ರೋಧ 100 ಓಮ್ ದಾಟುವುದುಂಟು. 230 ವೋಲ್ಟ್‌ಗೆ 100 ಓಮ್ ಎಂದರೆ ಹರಿಯುವುದು ಎರಡೂಕಾಲು ಆಂಪಿಯರ್. ಅಷ್ಟಕ್ಕೆ 5 ಆಂಪಿಯರ್ ಫ್ಯೂಸ್ ಹಾರುವುದೇ ಇಲ್ಲ. ಫ್ರಿಜ್‌ನ ಮೈ ಪೂರ್ತಿ ಕರೆಂಟ್ ಹಿಡಿದು ನಿಂತಿರುತ್ತದೆ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ್ದನ್ನು ಗುರುತಿಸುವ ಸ್ವಿಚ್ಚು) ಇದ್ದರೆ ಅದೇ 100 ಓಮ್‌ನಲ್ಲಿಯೂ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುತ್ತದೆ. ಅರ್ಥಿಂಗ್ 5 ಓಮ್ ಒಳಗೇ ಇರಬೇಕು ಎಂದು ಪಟ್ಟು ಹಿಡಿದರೆ ಈ ನೆಲದಲ್ಲಿ ಮೂರು ನಾಲ್ಕು ಗುಂಡಿ ತೋಡಬೇಕಾಗುತ್ತದೆ. ಖರ್ಚು ಕೇಳಿ ಮನೆಯವರು ಅರ್ಥಿಂಗ್ ಕೆಲಸವನ್ನೇ ಕೈಬಿಡುತ್ತಾರೆ. ಬಡವರ ಮನೆಗೆ ಆರ್‌ಸಿಸಿಬಿ ಕಡ್ಡಾಯ, ಅದರ ಜೊತೆ ಒಂದು ಒಳ್ಳೆಯ ಅರ್ಥ್ ಪೈಪ್: ಇದು ಕೈಗೆಟುಕುವ, ಜೀವ ಕಾಯುವ ಅಳತೆ. ಗುಂಡಿಗೆ ಉಪ್ಪು ಸುರಿಯುವ ಪದ್ಧತಿ ಕರಾವಳಿಯಲ್ಲಿ ಬೇಡ. ಪೈಪನ್ನು ಅದೇ ಮೊದಲು ತಿನ್ನುತ್ತದೆ. ಬೆಂಟೊನೈಟ್ ಮಣ್ಣು ತುಂಬಿದರೆ ತೇವ ಹಿಡಿದಿಟ್ಟುಕೊಂಡು ಬಹುಕಾಲ ಬರುತ್ತದೆ.

ಆರ್‌ಸಿಸಿಬಿ ಹಂಚಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಮಳೆ ಹಿಡಿದ ವಾರದಲ್ಲಿಯೇ ಅದು ಪದೇ ಪದೇ ಬೀಳಲು ಶುರುವಾಗುತ್ತದೆ. ಒದ್ದೆ ಗೋಡೆಯೊಳಗಿನ ಹಳೆಯ ಜೋಡಣೆ, ಬಚ್ಚಲಿನ ಬಲ್ಬಿನ ಹೋಲ್ಡರ್, ಎಲ್ಲೋ ಅರ್ಥಿಗೆ ತಾಗಿರುವ ನ್ಯೂಟ್ರಲ್, ಇವುಗಳಿಂದ ಕರೆಂಟ್ ಸೋರುತ್ತಿರುತ್ತದೆ. ಮನೆಯವರು ಕತ್ತಲೆಯಲ್ಲಿ ಎಷ್ಟು ದಿನ ಕೂತಾರು? ಯಾರನ್ನೋ ಕರೆದು ಆರ್‌ಸಿಸಿಬಿಯ ಮೇಲಿನ ಕೆಳಗಿನ ಸ್ಕ್ರೂಗಳಿಗೆ ವೈರು ಕೊಟ್ಟು ಬೈಪಾಸ್ ಮಾಡಿಸುತ್ತಾರೆ. ದೀಪ ಉರಿಯುತ್ತದೆ, ಕಾವಲು ಹೋಗುತ್ತದೆ. ಸರಿಯಾದ ಕ್ರಮವೆಂದರೆ ಆರ್‌ಸಿಸಿಬಿ ಕೂರಿಸುವ ಮೊದಲು 500 ವೋಲ್ಟ್ ಮೆಗ್ಗರ್ (ವೈರಿನ ಹೊದಿಕೆ ಸರಿಯಿದೆಯೇ ಎಂದು ಅಳೆಯುವ ಮೀಟರು) ಹಿಡಿದು ಪ್ರತಿ ಸರ್ಕ್ಯೂಟ್ ಪರೀಕ್ಷಿಸುವುದು, ಒಂದು ಮೆಗಾ ಓಮ್‌ಗಿಂತ ಕೆಳಗಿರುವ ವೈರನ್ನು ಕಿತ್ತು ಹೊಸದು ಎಳೆಯುವುದು, ಬಚ್ಚಲು ಮತ್ತು ಹೊರಗಿನ ದೀಪಗಳನ್ನು ಬೇರೆ ಎಂಸಿಬಿಗೆ (ಹೊರೆ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚಿಗೆ) ಹಾಕುವುದು. ಎರಡು ಕೋಣೆಯ ಮನೆಗೆ ಪರೀಕ್ಷೆಗೇ ಅರ್ಧ ದಿನ ಬೇಕು. ಆ ಅರ್ಧ ದಿನದ ಕೂಲಿ ಇಲ್ಲದ ಅಂದಾಜು ಪಟ್ಟಿ ಕಾಗದದ ಮೇಲಷ್ಟೇ ಚಂದ.

ಈಗ ಖರ್ಚಿನ ಲೆಕ್ಕ. ಎರಡು ಕೋಣೆ, ಅಡುಗೆಮನೆ, ಬಚ್ಚಲು ಇರುವ ಮನೆಗೆ ಇಂದಿನ ಪೇಟೆ ದರದಲ್ಲಿ ಆರ್‌ಸಿಸಿಬಿಗೆ ಸುಮಾರು 1,800 ರೂಪಾಯಿ, ಪೆಟ್ಟಿಗೆ ಮತ್ತು ಎಂಸಿಬಿಗಳಿಗೆ 1,500, ದೀಪಕ್ಕೆ 1.5 ಮತ್ತು ಪವರ್ ಸಾಕೆಟ್‌ಗೆ 2.5 ಚದರ ಮಿಲಿಮೀಟರ್ ತಾಮ್ರದ ವೈರು ತಲಾ ಒಂದು ಸುರುಳಿ 5,500, ಪೈಪು, ಸ್ವಿಚ್ಚು, ಬೋರ್ಡಿಗೆ 3,000, ಅರ್ಥಿಂಗ್‌ಗೆ 2,500, ಎರಡು ಬಿಎಲ್‌ಡಿಸಿ (ಕಡಿಮೆ ಕರೆಂಟ್ ಎಳೆಯುವ ಮೋಟರಿನ) ಫ್ಯಾನ್‌ಗೆ 6,000, ಇಬ್ಬರ ಮೂರು ದಿನದ ಕೂಲಿ 5,000. ಕೂಡಿದರೆ 25 ಸಾವಿರದ ಸ್ವಲ್ಪ ಮೇಲೆ. ಒಂದು ತಾರಸಿ ಮನೆಗೆ ಎರಡು ಕಿಲೋವಾಟ್‌ಗೆ ಕೊಡುವ 60 ಸಾವಿರದಲ್ಲಿ ಎರಡು ಹಂಚಿನ ಮನೆ ಪೂರ್ತಿ ಸರಿಯಾಗಿ, ಮೇಲೆ ಒಂಬತ್ತು ಸಾವಿರಕ್ಕೂ ಹೆಚ್ಚು ಉಳಿಯುತ್ತದೆ.

ಫ್ಯಾನನ್ನು ಯಾಕೆ ಸೇರಿಸಿದ್ದೇವೆ ಎಂದರೆ ಈ ಸೆಖೆಯಲ್ಲಿ ಕರಾವಳಿಯ ಬಡವರ ಮನೆಯ ಮೀಟರ್ ತಿರುಗಿಸುವುದು ಮುಖ್ಯವಾಗಿ ಅದೇ. ಹಳೆಯ ಫ್ಯಾನ್ 75 ವಾಟ್ ಎಳೆಯುತ್ತದೆ, ಬಿಎಲ್‌ಡಿಸಿ 30ರ ಹತ್ತಿರ. ಒಂದು ಫ್ಯಾನ್ ದಿನಕ್ಕೆ ಹತ್ತು ಗಂಟೆ, ಇನ್ನೊಂದು ಆರು ಗಂಟೆ ತಿರುಗಿದರೆ ತಿಂಗಳಿಗೆ 21 ಯೂನಿಟ್ ಉಳಿತಾಯ. ಸಂಜೆ ವೋಲ್ಟೇಜ್ ಇಳಿದಾಗ ಹಳೆಯ ಫ್ಯಾನ್ ಸುಸ್ತಾಗುತ್ತದೆ, ಇದು ಒಂದೇ ವೇಗದಲ್ಲಿ ತಿರುಗುತ್ತದೆ. ಒಂದು ದೋಷವಿದೆ. ಒಳಗಿನ ಎಲೆಕ್ಟ್ರಾನಿಕ್ ಹಲಗೆ ಗುಡುಗು ಸಿಡಿಲಿಗೆ, ನ್ಯೂಟ್ರಲ್ ಕಡಿದಾಗ ಏರುವ ವೋಲ್ಟೇಜ್‌ಗೆ ಬೇಗ ಸುಡುತ್ತದೆ. ಆದ್ದರಿಂದ ಫ್ಯಾನ್ ಕೊಡುವುದಾದರೆ ಸಿಡಿಲಿನ ಸರ್ಜ್ ಮತ್ತು ಏರುವ ವೋಲ್ಟೇಜ್ ತಡೆಯುವ ಸಾಧನಗಳನ್ನೂ ಪೆಟ್ಟಿಗೆಯಲ್ಲಿ ಕೂರಿಸಬೇಕು. ಹಲಗೆ ತಾಲೂಕು ಪೇಟೆಯಲ್ಲಿಯೇ ಬದಲಿಸಿಕೊಡುವ ಕಂಪನಿಯದ್ದನ್ನೇ ಕೊಳ್ಳಬೇಕು.

ಆದರೆ 6,000 ರೂಪಾಯಿ ಕೊಟ್ಟು ಬಡವರು ಈ ಫ್ಯಾನ್ ಯಾಕೆ ಹಾಕಿಸುತ್ತಾರೆ? ಗೃಹಜ್ಯೋತಿಯಿಂದ ಬಿಲ್ ಹೇಗೂ ಸೊನ್ನೆ. ಉಳಿಯುವ 21 ಯೂನಿಟ್‌ನ ಹಣ, ಯೂನಿಟ್‌ಗೆ 6 ರೂಪಾಯಿಯಂತೆ ತಿಂಗಳಿಗೆ 125ರ ಸುಮಾರು, ಉಳಿಯುವುದು ಸರ್ಕಾರದ ಖಜಾನೆಗೆ. ಲಾಭ ಯಾರಿಗೋ ಅವರೇ ಬಂಡವಾಳ ಹಾಕುವುದು ನ್ಯಾಯ. ಸರ್ಕಾರ ಹಾಕಿದರೆ ನಾಲ್ಕು ವರ್ಷದಲ್ಲಿ ಫ್ಯಾನ್‌ನ ಹಣ ಸರ್ಕಾರಕ್ಕೇ ಮರಳುತ್ತದೆ.

ಗೃಹಜ್ಯೋತಿಯ ಲೆಕ್ಕದಲ್ಲಿಯೇ ಇನ್ನೊಂದು ಅಸಮಾನತೆ ಅಡಗಿದೆ. ಬಹಳ ಜನರ ಗಮನಕ್ಕೆ ಬಾರದ ಸಂಗತಿ ಅದು. 200 ಯೂನಿಟ್ ಉಚಿತ ಎನ್ನುತ್ತೇವೆ, ನಿಜದಲ್ಲಿ ಸಿಗುವುದು 2022-23ರ ಸರಾಸರಿ ಬಳಕೆ ಮತ್ತು ಅದರ ಶೇಕಡಾ 10. ಕಡಿಮೆ ಬಳಸುವವರಿಗೆ 2024ರಲ್ಲಿ ಶೇಕಡಾ 10ರ ಬದಲು 10 ಯೂನಿಟ್ ಎಂದು ತಿದ್ದಿದ್ದು ಒಳ್ಳೆಯ ಹೆಜ್ಜೆ. ಆದರೂ ಆ ವರ್ಷ 170 ಯೂನಿಟ್ ಬಳಸಿದ ಮನೆಗೆ 187 ಉಚಿತ, 40 ಬಳಸಿದ ಮನೆಗೆ 50. ಕಡಿಮೆ ಬಳಸಿದ್ದು ಮಿತವ್ಯಯದಿಂದಲ್ಲ, ಮನೆಯಲ್ಲಿ ಫ್ರಿಜ್ ಇರಲಿಲ್ಲ, ಎರಡನೇ ಫ್ಯಾನ್ ಇರಲಿಲ್ಲ, ಅಷ್ಟೇ. ಇಂದು ಆ ಮನೆಯವರು ಮೀನು ಕೆಡದಂತೆ ಇಡಲು ಒಂದು ಸಣ್ಣ ಫ್ರಿಜ್ ತಂದರೆ, ಸೌದೆ ಹೊಗೆಯಿಂದ ಬಿಡುಗಡೆಗೆ ಇಂಡಕ್ಷನ್ ಒಲೆ ತಂದರೆ, ಹೆಚ್ಚಿನ ಯೂನಿಟ್‌ಗೆಲ್ಲ ದುಡ್ಡು ಕಟ್ಟಬೇಕು. ಹಿಂದಿನ ಬಡತನವೇ ಇಂದಿನ ಮಿತಿಯಾಗಿ ಕೂತಿದೆ.

ಮಾಡಿನ ಕಾವಿನ ಬಗ್ಗೆ ಎರಡು ಮಾತು. ಮಂಗನ ಕಾಟಕ್ಕೂ ಹಂಚು ಸರಿಮಾಡುವ ಆಳು ಸಿಗದ್ದಕ್ಕೂ ಬೇಸತ್ತು ಹಂಚು ಇಳಿಸಿ ತಗಡು ಹಾಕಿಸುವವರು ಹೆಚ್ಚುತ್ತಿದ್ದಾರೆ. ಸೋರುವುದು ನಿಲ್ಲುತ್ತದೆ, ಏಪ್ರಿಲ್ ಮಧ್ಯಾಹ್ನ ಒಳಗೆ ಕೂರಲಾಗುವುದಿಲ್ಲ, ಫ್ಯಾನ್ ನಿಲ್ಲುವುದೇ ಇಲ್ಲ. ತಗಡಿಗೆ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣ ಬಳಿಯುವುದು ಸುಲಭದ ಕೆಲಸ. ಸುಣ್ಣವಾದರೆ ಇನ್ನೂ ಅಗ್ಗ, ಆದರೆ 3,000 ಮಿಲಿಮೀಟರ್ ಮಳೆಗೆ ತೊಳೆದುಹೋಗುತ್ತದೆ, ಪ್ರತಿ ವರ್ಷ ಫೆಬ್ರವರಿಯಲ್ಲಿ ಮತ್ತೆ ಬಳಿಯಬೇಕು. ಇದಕ್ಕಿಂತ ಮೇಲಾದದ್ದು ನಮ್ಮದೇ ಹಳೆಯ ಉಪಾಯ, ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ ಪಟ್ಟಿಯ) ಮುಚ್ಚಿಗೆ, ಎಂದರೆ ಒಳಮಾಡು. ದಬ್ಬೆಯನ್ನು ಚೆನ್ನಾಗಿ ಒಣಗಿಸಿ, ಕೀಟ ತಾಗದಂತೆ ಬೋರಿಕ್ ಮತ್ತು ಬೋರಾಕ್ಸ್ ದ್ರಾವಣದಲ್ಲಿ ಅದ್ದಿ, ತಗಡಿನಿಂದ ಒಂದಡಿ ಕೆಳಗೆ ಹೊಡೆದು, ಎರಡೂ ತುದಿಯಲ್ಲಿ ಬಿಸಿಗಾಳಿ ಹೊರಹೋಗಲು ಕಿಂಡಿ ಬಿಡಬೇಕು. ಕಿಂಡಿ ಬಿಡದಿದ್ದರೆ ಕಾವು ಅಲ್ಲೇ ಕೂತು ರಾತ್ರಿ ಇಳಿಯುತ್ತದೆ. ಶಿರಸಿ, ಸಿದ್ದಾಪುರ, ಹೊನ್ನಾವರದ ತೋಟಗಳಲ್ಲಿ ಬಿದ್ದ ಅಡಿಕೆ ಮರ ಸಾಕಷ್ಟು ಸಿಗುತ್ತದೆ, ಹಣ ಜಿಲ್ಲೆಯೊಳಗೇ ಉಳಿಯುತ್ತದೆ. ಹಂಚಿನ ಮಾಡೇ ಇರುವ ಮನೆಯ ಕತ್ತಲೆ ಕೋಣೆಗೆ ಎರಡು ಗಾಜಿನ ಹಂಚು ಹಾಕಿದರೆ ಹಗಲು ಬಲ್ಬು ಹಚ್ಚುವುದೇ ಬೇಡ.

ಒಲೆಯ ವಿಷಯ ಬಿಟ್ಟರೆ ಹೆಂಗಸರಿಗೆ ಅನ್ಯಾಯವಾಗುತ್ತದೆ. ಸ್ನಾನದ ನೀರು ಇಂದಿಗೂ ಹಂಡೆಯಲ್ಲಿ, ತೆಂಗಿನ ಮಡಲು, ಸಿಪ್ಪೆ, ಒದ್ದೆ ಸೌದೆಯಲ್ಲಿ ಕಾಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಕಡಿಮೆ ಸೌದೆ ಬೇಡುವ, ಹೊಗೆ ಹೊರಹಾಕುವ ಅಸ್ತ್ರ ಒಲೆ ಘಟ್ಟದ ಮೇಲಿನ ಎಷ್ಟೋ ಅಡುಗೆಮನೆಗಳಿಗೆ ದಶಕಗಳ ಹಿಂದೆಯೇ ಬಂದಿದೆ. ಗೊಬ್ಬರ ಗ್ಯಾಸ್ ಸಹ ಅಲ್ಲಿ ಹೊಸದಲ್ಲ. ಎರಡು ಘನ ಮೀಟರ್‌ನ ಗೊಬ್ಬರ ಗ್ಯಾಸಿಗೆ ದಿನಕ್ಕೆ 50 ಕಿಲೋ ಸೆಗಣಿ ಬೇಕು, ನಾಲ್ಕೈದು ದನ ಬೇಕು. ಭೂಮಿ ಇಲ್ಲದವರಿಗೆ ಅದು ಆಗದ ಮಾತು. ಬಚ್ಚಲೊಲೆಗೆ ಬೇಕಾದದ್ದು ಕೆಳಗೊಂದು ಕಬ್ಬಿಣದ ಜಾಲರಿ, ಮಾಡಿನ ಮೇಲೆ ಎರಡಡಿ ಏರುವ ಹೊಗೆ ಕೊಳವೆ, ಕೊಳವೆಯ ಬುಡದಲ್ಲಿ ಮಸಿ ತೆಗೆಯಲು ಮುಚ್ಚಳವಿರುವ ಕಿಂಡಿ. ಆ ಕಿಂಡಿ ಬಿಟ್ಟು ಕಟ್ಟಿದ ಒಲೆ ಮಳೆಗಾಲ ಮುಗಿಯುವುದರೊಳಗೆ ಕಟ್ಟಿಕೊಂಡು ಹೊಗೆಯೆಲ್ಲ ಒಳಗೇ ಬರುತ್ತದೆ. ಆಮೇಲೆ ಮನೆಯವರು ಅದನ್ನು ಒಡೆದು ಮೂರು ಕಲ್ಲು ಇಟ್ಟುಕೊಳ್ಳುತ್ತಾರೆ.

ಮಾನ್ಯರೇ, ಕಾಳಿ ನದಿಯ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ, ಶರಾವತಿಯ ಗೇರುಸೊಪ್ಪ, 220 ಮೆಗಾವಾಟ್‌ನ ನಾಲ್ಕು ಘಟಕಗಳಿರುವ ಕೈಗಾ ಎಲ್ಲವೂ ಇದೇ ಜಿಲ್ಲೆಯಲ್ಲಿವೆ. ಇವುಗಳಿಗಾಗಿ ಮನೆ ತೋಟ ಬಿಟ್ಟು ಎದ್ದವರೂ ಇಲ್ಲಿಯವರೇ. ಈ ಸ್ಥಾವರಗಳನ್ನು ನಡೆಸುವ ಸಂಸ್ಥೆಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯಲ್ಲಿ ಒಂದು ಪಾಲನ್ನು ಸುತ್ತಲಿನ ಮನೆಗಳ ವೈರಿಂಗ್‌ಗೆ ಕೇಳುವುದು ದಾನ ಕೇಳಿದಂತಲ್ಲ.

ನಮ್ಮ ಬೇಡಿಕೆಗಳು ಇವು. ಭಾಗ್ಯಜ್ಯೋತಿ, ಕುಟೀರಜ್ಯೋತಿ ಮನೆಗಳಿಗೂ ತಿಂಗಳಿಗೆ 60 ಯೂನಿಟ್ ಒಳಗೆ ಬಳಸುವ ಮನೆಗಳಿಗೂ, ಸ್ವಂತದ್ದಾಗಲಿ ಬಾಡಿಗೆಯದ್ದಾಗಲಿ, 25 ಸಾವಿರ ರೂಪಾಯಿಯ ಮನೆ ಸುಧಾರಣೆಯ ನೆರವು ಕೊಡಿ. ಜಾಗದ ಪಹಣಿ ಕೇಳಬೇಡಿ, ಕರೆಂಟ್ ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್ ಮತ್ತು ರೇಷನ್ ಕಾರ್ಡ್ ಸಾಕು. ಮನೆಯವರು ಮೊದಲು ಖರ್ಚು ಮಾಡಿ ಆಮೇಲೆ ಕಾಯುವ ಪದ್ಧತಿ ಬೇಡ. ಸಾಮಾನಿನ ಹಣ ಕೆಲಸ ಶುರುವಾಗುವ ಮೊದಲೇ ಅಂಗಡಿಗೆ, ಕೂಲಿಯ ಹಣ ಮೆಗ್ಗರ್ ಮತ್ತು ಆರ್‌ಸಿಸಿಬಿ ಪರೀಕ್ಷೆಯ ಅಂಕಿ ದಾಖಲಾದ ಮೇಲೆ ಪರವಾನಗಿ ಇರುವ ಕೆಲಸಗಾರನಿಗೆ ನೇರವಾಗಿ ಹೋಗಲಿ. ಬಾಡಿಗೆ ಮನೆಯಾದರೆ ಮೂರು ವರ್ಷ ಬಾಡಿಗೆ ಏರಿಸುವುದಿಲ್ಲ ಎಂಬ ಒಂದು ಪುಟದ ಒಪ್ಪಿಗೆಯನ್ನು ಮಾಲೀಕರಿಂದ ಪಂಚಾಯಿತಿ ಬರೆಸಿಕೊಳ್ಳಲಿ. ಇಲ್ಲವಾದರೆ ಸರ್ಕಾರದ ಹಣದಿಂದ ಮನೆ ಚೆನ್ನಾಗಿ, ಅದರಲ್ಲಿದ್ದವರು ಹೊರಬೀಳುತ್ತಾರೆ. ಸುಧಾರಣೆ ಆದ ಮನೆಗೆ ಗೃಹಜ್ಯೋತಿಯ ಮಿತಿಯನ್ನು ಕನಿಷ್ಠ 90 ಯೂನಿಟ್‌ಗೆ ಏರಿಸಿ.

ನೆರವಿನ ಪಟ್ಟಿಗೆ ಸ್ವಲ್ಪ ಮೇಲಿರುವ ಕುಟುಂಬಗಳಿಗೆ ಕಂತಿನ ದಾರಿ ಇದೆ. 2015ರಲ್ಲಿ ‘ಹೊಸ ಬೆಳಕು’ ಹೆಸರಿನಲ್ಲಿ ಎಲ್‌ಇಡಿ ಬಲ್ಬು ಮನೆಮನೆಗೆ ಮುಟ್ಟಿತ್ತು. ಅದೇ ರೀತಿ ಫ್ಯಾನ್, ಆರ್‌ಸಿಸಿಬಿಗಳನ್ನು ಸಗಟು ದರದಲ್ಲಿ ಕೊಂಡು ತಿಂಗಳ ಬಿಲ್ಲಿನಲ್ಲಿ ನೂರಿನ್ನೂರು ರೂಪಾಯಿಯಂತೆ ಬಡ್ಡಿಯಿಲ್ಲದೆ ಕಟ್ಟಿಸಿಕೊಳ್ಳಬಹುದು. ಸೋಲಾರ್ ಬೇಕೆನ್ನುವ ಹಂಚಿನ ಮನೆಯವರಿಗಾಗಿ ಶಾಲೆ, ಪಂಚಾಯಿತಿ ಕಟ್ಟಡದ ತಾರಸಿ ಬಳಸಿ. ಅಲ್ಲಿ ಹುಟ್ಟಿದ ಯೂನಿಟ್ಟನ್ನು ಕೇರಿಯ ಇಪ್ಪತ್ತು ಮೂವತ್ತು ಆರ್‌ಆರ್ ನಂಬರ್‌ಗಳಿಗೆ ಹಂಚಿ ಜಮಾ ಮಾಡುವ ವ್ಯವಸ್ಥೆಗೆ ದೆಹಲಿಯಲ್ಲಿ 2019ರಲ್ಲಿಯೇ ನಿಯಮ ಬಂದಿದೆ.

ಕೆಲಸಕ್ಕೆ ಜನ ಎಲ್ಲಿ ಎಂಬ ಪ್ರಶ್ನೆ ಬರಬಹುದು. ಜಿಲ್ಲೆಯ ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್ ಕಲಿತ ಹುಡುಗ ಹುಡುಗಿಯರು ಕೆಲಸ ಹುಡುಕಿ ಗೋವಾಕ್ಕೆ ಹೋಗುತ್ತಿದ್ದಾರೆ. ಪಂಚಾಯಿತಿಗೊಂದು ಮೆಗ್ಗರ್, ಒಂದು ಅರ್ಥ್ ಟೆಸ್ಟರ್ ಕೊಟ್ಟು, ಅನುಭವಿ ವೈರ್‌ಮನ್ ಜೊತೆ ಇಬ್ಬರನ್ನು ಹಾಕಿದರೆ ವಾರಕ್ಕೆ ಎರಡು ಮನೆ ಮುಗಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಜೂನ್ ಮೊದಲ ವಾರದಿಂದ ಹಂಚಿಗೆ ಕೈ ಹಚ್ಚಲು ಬರುವುದಿಲ್ಲ, ಒದ್ದೆ ಗೋಡೆಗೆ ಹೊಸ ವೈರು ಎಳೆಯಲು ಬರುವುದಿಲ್ಲ. ಅರ್ಥಿಂಗ್ ಅಳೆಯಬೇಕಾದದ್ದೂ ನೆಲ ಪೂರ್ತಿ ಒಣಗಿರುವ ಏಪ್ರಿಲ್‌ನಲ್ಲಿ. ಕೆಲಸಕ್ಕೆ ಸಿಗುವುದು ಡಿಸೆಂಬರ್‌ನಿಂದ ಮೇ ನಡುವಿನ ಆರು ತಿಂಗಳು. ಆದೇಶ ಮತ್ತು ಹಣ ನವೆಂಬರ್ ಒಳಗೆ ತಾಲೂಕಿಗೆ ಮುಟ್ಟುವಂತೆ ಮಾಡಿ. ಮಾರ್ಚ್ ಕೊನೆಗೆ ಮುಟ್ಟಿದರೆ ಇನ್ನೊಂದು ಮಳೆಗಾಲವನ್ನು ಆ ಮನೆಗಳು ತಾಮ್ರದ ಎಳೆ ಸುತ್ತಿದ ಕಟೌಟಿನ ಮೇಲೆಯೇ ಕಳೆಯಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ಕರಾವಳಿಯ ವೈರಿಂಗ್ ಮತ್ತು ಮಾಡು ಕೆಲಸಗಾರರು
ಅಂಕೋಲಾ, ಉತ್ತರ ಕನ್ನಡ